ರಾಬರ್ಟ್ ನೋಯ್ಸ್ ಅವರ ಚರಿತ್ರೆ

ಮೊಬೈಲಿನೊಳಗಿನ ಚಿಪ್‌ಗೆ ಕಾರಣಕರ್ತರಾದ ರಾಬರ್ಟ್ ನೋಯ್ಸ್ ಅವರು 1927ನೆಯ ಇಸವಿ ಡಿಸೆಂಬರ್ 12ರಂದು ಅಮೇರಿಕದ ಅಯೋವಾ ಸಂಸ್ಥಾನದಲ್ಲಿ ಒಬ್ಬ ಸಭಾಪಾಲಕರ ಮಗನಾಗಿ ಜನಿಸಿದರು. 1957ರಲ್ಲಿ ಏಳು ಮಂದಿ ಸಂಗಡಿಗರೊಡನೆ ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಂಪನಿಯನ್ನು ಸ್ಥಾಪಿಸಿದರು.

ಆ ಕಾಲದಲ್ಲಿ ಟ್ರಾನ್ಸಿಸ್ಟರುಗಳನ್ನು ಒಂದೊಂದಾಗಿ ಕತ್ತರಿಸಿ, ಪುನಃ ತಂತಿಯಿಂದ ಬೆಸೆಯುತ್ತಿದ್ದರು. ಈ ಕಣ್ಣು ನೋಯುವ ಕೆಲಸವು ಬಹುಮಟ್ಟಿಗೆ ಹೆಂಗಸರ ಪಾಲಿನದು. ಕಿಲ್ಬಿ ಎಂಬವರು 1958ರಲ್ಲಿಯೇ ಇವನ್ನು ಒಂದುಗೂಡಿಸಿದ್ದರೂ ತಂತಿಗಳು ಹೊರಗೆ ಉಳಿದಿದ್ದವು. 1959ರಲ್ಲಿ ನೋಯ್ಸ್ ಅವರು ಒಂದೇ ಸಿಲಿಕಾನ್ ತುಣುಕಿನ ಮೇಲೆ ಲೋಹದ ಗೆರೆಗಳನ್ನೆಳೆದು ಎಲ್ಲವನ್ನೂ ಕೂಡಿಸುವ ಉಪಾಯವನ್ನು ಕಂಡರು. 1963ರಲ್ಲಿ ಅದೇ ಕಂಪನಿಯ ವಾನ್ಲಾಸ್ ಎಂಬವರು, ಸುಮ್ಮನಿರುವಾಗ ವಿದ್ಯುತ್ತನ್ನು ಅತ್ಯಲ್ಪವಾಗಿ ಬಳಸುವ ವಿನ್ಯಾಸವನ್ನು ತೋರಿಸಿದರು.

ಆದರೆ ಸಿಲಿಕಾನನ್ನು ತೊಳೆಯಲು ಬಹಳ ನೀರೂ ವಿಷಯುಕ್ತ ದ್ರಾವಕಗಳೂ ಬೇಕಾಗುತ್ತಿದ್ದವು. ನೋಯ್ಸ್ ಅವರು 1968ರಲ್ಲಿ ಫೇರ್‌ಚೈಲ್ಡನ್ನು ಬಿಟ್ಟು ಇಂಟೆಲ್ ಸ್ಥಾಪಿಸಿದ ಎಷ್ಟೋ ಕಾಲದ ತರುವಾಯ, 1981ರಲ್ಲಿ, ಸ್ಯಾನ್ ಹೋಸೆಯಲ್ಲಿದ್ದ ಫೇರ್‌ಚೈಲ್ಡ್ ಕಾರ್ಖಾನೆಯ ನೆಲದೊಳಗಿನ ತೊಟ್ಟಿಯಿಂದ ದ್ರಾವಕವು ಸೋರಿ, ಕುಡಿಯುವ ನೀರಿನ ಬಾವಿಯನ್ನು ಸೇರಿದ್ದು ತಿಳಿದುಬಂತು. ಘಟಪ್ರಭೆಯನ್ನು ನಂಬಿರುವ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ತಾಯಂದಿರಿಗೆ ಇದರ ಭಯವನ್ನು ನಾವು ವಿವರಿಸಬೇಕಾಗಿಲ್ಲ.

ಈಗಿನ ವಿನ್ಯಾಸಕಾರರು ಸರ್ಕ್ಯೂಟನ್ನು ಮೊದಲು ಕಂಪ್ಯೂಟರಿನಲ್ಲಿ ಮಾದರಿಯಾಗಿ ನಡೆಸಿ ಪರೀಕ್ಷಿಸುತ್ತಾರೆ. ತಪ್ಪಿದ ಚಿಪ್‌ಗಳಿಗಾಗಿ ಹಾಳಾಗುವ ನೀರು ಅಷ್ಟರಮಟ್ಟಿಗೆ ಉಳಿಯುತ್ತದೆ. ಗಣಿತದಲ್ಲಿ ಜಾಣೆಯರಾದ ನಮ್ಮ ಹುಡುಗಿಯರು ಕೈಹಾಕತಕ್ಕ ಕೆಲಸವು ಇದೇ ಎಂದು ನಮ್ಮ ಮತ. ನೋಯ್ಸ್ ಅವರು 1990ರ ಜೂನ್ 3ರಂದು ಆಸ್ಟಿನ್ ಪಟ್ಟಣದಲ್ಲಿ ತೀರಿಕೊಂಡರು.