ಮಳೆಯನ್ನು ಗೆದ್ದ ಮ್ಯಾಕಿಂಟಾಷ್, ಬೆವರಿಗೆ ಸೋತ ಕೋಟು

ಸ್ಕಾಟ್ಲೆಂಡಿನ ಚಳಿಗಾಲದಲ್ಲಿ ಸೈಕಲ್ ಏರಿ ಬೆಟ್ಟ ಹತ್ತುವವನಿಗೆ ಶತ್ರುಗಳು ಇಬ್ಬರು. ಹೊರಗಿನಿಂದ ಸುರಿಯುವ ಮಳೆ ಒಂದು, ಒಳಗಿನಿಂದ ಇಳಿಯುವ ಬೆವರು ಇನ್ನೊಂದು. ಏರು ಹಾದಿಯಲ್ಲಿ ಮೈ ಕಾದು ಬೆವರುತ್ತದೆ. ಶಿಖರ ಮುಟ್ಟಿ ಇಳಿಜಾರಿಗೆ ತಿರುಗಿದೊಡನೆ ಅದೇ ಒದ್ದೆ ಬಟ್ಟೆಯ ಮೇಲೆ ಚಳಿಗಾಳಿ ಬೀಸುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುವುದರಿಂದ, ಬಟ್ಟೆ ಒದ್ದೆಯಾದದ್ದು ಮಳೆಯಿಂದಲೋ ಬೆವರಿನಿಂದಲೋ ಎಂಬ ಭೇದವನ್ನು ಚಳಿ ಎಣಿಸುವುದಿಲ್ಲ. ಬೆರಳು ಮರಗಟ್ಟಿದರೆ ಬ್ರೇಕ್ ಹಿಡಿಯುವುದು ಕಷ್ಟ. ಮೈಯ ಉಷ್ಣತೆಯೇ ಕುಸಿದರೆ ಪ್ರಾಣಕ್ಕೇ ಸಂಚಕಾರ.

ಮೌಂಟನ್ ಬೈಕಿಂಗ್ ಎಂಬ ಈ ಕ್ರೀಡೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1970ರ ದಶಕದಲ್ಲಿ ರೂಪುಗೊಂಡಿತು. ಸ್ಕಾಟ್ಲೆಂಡಿನ ಫೋರ್ಟ್ ವಿಲಿಯಂನಲ್ಲಿ ಇದರ ವಿಶ್ವಕಪ್ ಸ್ಪರ್ಧೆ ಮೊದಲು ನಡೆದದ್ದು 2002ರಲ್ಲಿ. 2007ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಕೂಡ ಅಲ್ಲಿಗೆ ಬಂದಿತು. ಅಲ್ಲಿನ ಸವಾರ ಚಳಿಗಾಲಕ್ಕೆ ಮುನ್ನ ಅಂಗಡಿಗೆ ಹೋಗಿ ಜಾಕೆಟ್ ಕೈಗೆತ್ತಿಕೊಂಡಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಹೊಸದೇನಲ್ಲ. ಇನ್ನೂರು ವರ್ಷಗಳ ಹಿಂದೆ ಅದೇ ನಾಡಿನ ಗ್ಲಾಸ್ಗೋ ನಗರದ ರಸಾಯನಶಾಸ್ತ್ರಜ್ಞನೊಬ್ಬ ಆ ಪ್ರಶ್ನೆಯ ಅರ್ಧಭಾಗಕ್ಕೆ ಉತ್ತರ ಕಂಡುಕೊಂಡಿದ್ದ. ಆತನ ಹೆಸರು ಚಾರ್ಲ್ಸ್ ಮ್ಯಾಕಿಂಟಾಷ್.

ಈ ಹೆಸರು ನಮಗೂ ಅಪರಿಚಿತವಲ್ಲ. ಆಸ್ಪತ್ರೆಯ ಹಾಸಿಗೆ ನೆನೆಯದಂತೆ ಹಾಸುವ ರಬ್ಬರ್ ಹಾಳೆಯನ್ನು ನಮ್ಮ ದಾದಿಯರು ಮ್ಯಾಕಿಂಟಾಷ್ ಎಂದೇ ಕರೆಯುತ್ತಾರೆ. ಆ ಹಾಳೆಯ ಹಿಂದಿರುವವನು ಈತನೇ. ಆಪಲ್ ಕಂಪನಿಯ ಕಂಪ್ಯೂಟರಿಗೂ ಈತನಿಗೂ ಸಂಬಂಧವಿಲ್ಲ. ಅದಕ್ಕೆ ಹೆಸರು ಬಂದದ್ದು ಸೇಬಿನ ಒಂದು ತಳಿಯಿಂದ.

ಗುಮಾಸ್ತಗಿರಿ ಬಿಟ್ಟ ಯುವಕ

ಮ್ಯಾಕಿಂಟಾಷ್ ಜನಿಸಿದ್ದು 1766ರ ಡಿಸೆಂಬರ್ 29ರಂದು, ಗ್ಲಾಸ್ಗೋದಲ್ಲಿ. ತಂದೆ ಜಾರ್ಜ್ ಮ್ಯಾಕಿಂಟಾಷ್ ಉತ್ತರದ ಗುಡ್ಡಗಾಡಿನಿಂದ ಬಂದು ನಗರದಲ್ಲಿ ಉದ್ಯಮಿಯಾಗಿ ಬೆಳೆದವನು. ಬಂಡೆಗಳ ಮೇಲೆ ಬೆಳೆಯುವ ಕಲ್ಲುಹೂವುಗಳಿಂದ ನೇರಳೆ ಬಣ್ಣ ತೆಗೆಯುವ ಕಾರ್ಖಾನೆ ಆತನದು. ಗುಟ್ಟು ಹೊರಹೋಗದಂತೆ ಕಾರ್ಖಾನೆಯ ಸುತ್ತ ಎತ್ತರದ ಗೋಡೆ ಕಟ್ಟಿಸಿ, ಗೇಲಿಕ್ ಭಾಷೆಯನ್ನಾಡುವ ತನ್ನ ಸೀಮೆಯ ಜನರನ್ನೇ ಕೆಲಸಕ್ಕಿಟ್ಟುಕೊಂಡಿದ್ದ. ಬಣ್ಣ ಹೊರಡಿಸಲು ಅಮೋನಿಯಾ ಬೇಕಿತ್ತು. ಅದಕ್ಕಾಗಿ ನಗರದ ಮನೆಗಳಿಂದ ಮೂತ್ರವನ್ನು ಸಂಗ್ರಹಿಸಲಾಗುತ್ತಿತ್ತು. ತ್ಯಾಜ್ಯಕ್ಕೂ ಬೆಲೆಯುಂಟೆಂಬ ಮೊದಲ ಪಾಠವನ್ನು ಚಾರ್ಲ್ಸ್ ಕಲಿತದ್ದು ಈ ವಾತಾವರಣದಲ್ಲಿ.

ತಂದೆ ಮಗನನ್ನು ವ್ಯಾಪಾರಿಯೊಬ್ಬನ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿಸಿದ. ಆದರೆ ಲೆಕ್ಕದ ಪುಸ್ತಕ ಹುಡುಗನ ಮನಸ್ಸನ್ನು ಹಿಡಿಯಲಿಲ್ಲ. ಬಿಡುವಿನಲ್ಲೆಲ್ಲ ಆತ ರಸಾಯನಶಾಸ್ತ್ರದ ಉಪನ್ಯಾಸಗಳಿಗೆ ಹಾಜರಾಗುತ್ತಿದ್ದ. ಎಡಿನ್‌ಬರೋದ ಪ್ರಸಿದ್ಧ ವಿಜ್ಞಾನಿ ಜೋಸೆಫ್ ಬ್ಲ್ಯಾಕ್ ಆತನ ಗುರುಗಳಲ್ಲೊಬ್ಬ. ಇಪ್ಪತ್ತು ತುಂಬುವ ಮೊದಲೇ ಕೆಲಸಕ್ಕೆ ವಿದಾಯ ಹೇಳಿ ನವಸಾರ ತಯಾರಿಕೆಗೆ ಇಳಿದ. 1797ರಲ್ಲಿ ಹರ್ಲೆಟ್ ಎಂಬಲ್ಲಿ, ಕಲ್ಲಿದ್ದಲ ಗಣಿಯ ತ್ಯಾಜ್ಯದಿಂದ ಪಟಿಕ ತೆಗೆಯುವ ಸ್ಕಾಟ್ಲೆಂಡಿನ ಮೊದಲ ಕಾರ್ಖಾನೆಯನ್ನು ಆರಂಭಿಸಿದ. 1799ರಲ್ಲಿ ಚಾರ್ಲ್ಸ್ ಟೆನೆಂಟ್ ಹೆಸರಿನಲ್ಲಿ ಪೇಟೆಂಟ್ ಪಡೆದ ಬ್ಲೀಚಿಂಗ್ ಪೌಡರಿನ ಹಿಂದೆಯೂ ಪಾಲುದಾರನಾದ ಮ್ಯಾಕಿಂಟಾಷ್‌ನ ಬುದ್ಧಿ ಕೆಲಸ ಮಾಡಿತ್ತು. ಇಷ್ಟಾದರೂ ಲೋಕ ಆತನನ್ನು ನೆನಪಿಟ್ಟುಕೊಳ್ಳುವ ಕೆಲಸ ಇನ್ನೂ ಬಾಕಿಯಿತ್ತು.

ಕಸದಿಂದ ಬಂದ ಕೋಟು

ಹತ್ತೊಂಬತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಗ್ಲಾಸ್ಗೋದ ಬೀದಿಗಳಿಗೆ ಗ್ಯಾಸ್ ದೀಪ ಬಂದಿತು. ಕಲ್ಲಿದ್ದಲನ್ನು ಕಾಯಿಸಿ ಅನಿಲ ತೆಗೆದ ಮೇಲೆ ಉಳಿಯುತ್ತಿದ್ದುದು ಅಮೋನಿಯಾ ಬೆರೆತ ನೀರು ಮತ್ತು ಡಾಂಬರು. ಗ್ಯಾಸ್ ಕಂಪನಿಗೆ ಇವೆರಡೂ ತಲೆನೋವು. 1819ರಲ್ಲಿ ಇವನ್ನು ಕೊಳ್ಳಲು ಮ್ಯಾಕಿಂಟಾಷ್ ಒಪ್ಪಂದ ಮಾಡಿಕೊಂಡ. ಬಣ್ಣದ ಕಾರ್ಖಾನೆಗೆ ಬೇಕಾದ ಅಮೋನಿಯಾ ದೊರೆಯಿತು. ಮಿಕ್ಕ ಡಾಂಬರನ್ನು ಭಟ್ಟಿ ಇಳಿಸಿದಾಗ ನಾಫ್ತಾ ಎಂಬ ತೆಳುವಾದ ದ್ರವ ಸಿಕ್ಕಿತು. ಅದನ್ನು ಏನು ಮಾಡುವುದೆಂಬುದು ಮುಂದಿನ ಚಿಂತೆಯಾಯಿತು.

ದಕ್ಷಿಣ ಅಮೆರಿಕದ ಮರಗಳಿಂದ ಬರುತ್ತಿದ್ದ ರಬ್ಬರ್ ಆಗಿನ್ನೂ ಯುರೋಪಿನಲ್ಲಿ ಹೆಚ್ಚು ಉಪಯೋಗಕ್ಕೆ ಬಾರದ ಕೌತುಕದ ವಸ್ತು. ನಾಫ್ತಾದಲ್ಲಿ ಅದು ಕರಗುತ್ತಿತ್ತು. ಕರಗಿದ ರಬ್ಬರನ್ನು ಬಟ್ಟೆಗೆ ಬಳಿದರೆ ನೀರು ಒಳಗಿಳಿಯುವುದಿಲ್ಲವೇನೋ ನಿಜ, ಆದರೆ ಬಟ್ಟೆ ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುತ್ತಿತ್ತು. ಮ್ಯಾಕಿಂಟಾಷ್ ಕಂಡುಕೊಂಡ ಉಪಾಯ ಅತ್ಯಂತ ಸರಳ. ಒಂದು ಬಟ್ಟೆಗೆ ರಬ್ಬರ್ ಬಳಿದು ಅದರ ಮೇಲೆ ಇನ್ನೊಂದು ಬಟ್ಟೆಯನ್ನು ಒತ್ತಿಬಿಟ್ಟ. ಅಂಟು ಎರಡರ ನಡುವೆ ಅಡಗಿತು. 1823ರಲ್ಲಿ ಇದಕ್ಕೆ ಪೇಟೆಂಟ್ ದೊರೆಯಿತು. ಆಗ ಆತನ ವಯಸ್ಸು 56. ಅದೇ ವರ್ಷ ಲಂಡನ್ನಿನ ರಾಯಲ್ ಸೊಸೈಟಿ ಆತನನ್ನು ಫೆಲೋ ಆಗಿ ಆರಿಸಿತು.

ಮ್ಯಾಂಚೆಸ್ಟರಿನ ಬರ್ಲಿ ಕುಟುಂಬದ ಹತ್ತಿ ಉದ್ಯಮಿಗಳೊಂದಿಗೆ ಸೇರಿ ಕಾರ್ಖಾನೆ ತೆರೆಯಲಾಯಿತು. 1825ರಲ್ಲಿ ಜಾನ್ ಫ್ರಾಂಕ್ಲಿನ್ ಕೈಗೊಂಡ ಉತ್ತರ ಧ್ರುವ ಸೀಮೆಯ ಯಾತ್ರೆಗೆ ಈ ಜಲನಿರೋಧಕ ಬಟ್ಟೆ ಪೂರೈಕೆಯಾಯಿತು. ತಂಡದ ಒಂದು ಪುಟ್ಟ ದೋಣಿಗೆ ಹೊದಿಸಿದ್ದೂ ಅದನ್ನೇ.

ಸೂಜಿಯ ತೂತು, ಒಳಗಿನ ಹಬೆ

ಬಟ್ಟೆ ಗೆದ್ದಿತು, ಆದರೆ ಅದನ್ನು ಹೊಲಿದು ಮಾಡಿದ ಕೋಟು ಸೋಲತೊಡಗಿತು. ದರ್ಜಿಯ ಸೂಜಿ ಚುಚ್ಚಿದಲ್ಲೆಲ್ಲ ಒಂದೊಂದು ತೂತಾಗಿ ಹೊಲಿಗೆಯಗುಂಟ ನೀರು ಇಳಿಯುತ್ತಿತ್ತು. ದೂರು ಬಂದದ್ದು ಬಟ್ಟೆಯ ಮೇಲೆ. ಕೊನೆಗೆ ಕಂಪನಿಯೇ ಉಡುಪು ಹೊಲಿಸಿ, ಹೊಲಿಗೆಗಳನ್ನು ಮುಚ್ಚಿ ಮಾರುವ ದಾರಿ ಹಿಡಿಯಿತು. ರಬ್ಬರಿನ ಸ್ವಭಾವವೂ ಕಾಡಿತು. ಚಳಿಯಲ್ಲಿ ಕೋಟು ಮರದ ಹಲಗೆಯಂತೆ ಬಿಗಿಯುತ್ತಿತ್ತು, ಬಿಸಿಲಿನಲ್ಲಿ ಮೆತ್ತಗಾಗಿ ಅಂಟುತ್ತಿತ್ತು. ಉಣ್ಣೆಯಲ್ಲಿರುವ ಜಿಡ್ಡು ರಬ್ಬರನ್ನು ಕೆಡಿಸುತ್ತಿತ್ತು. ಎಲ್ಲಕ್ಕೂ ಮಿಗಿಲಾಗಿ ಕೆಟ್ಟ ವಾಸನೆ.

ಇವೆಲ್ಲ ಒಂದಲ್ಲ ಒಂದು ದಿನ ತಿದ್ದಬಹುದಾದ ದೋಷಗಳು. ಆದರೆ ಇನ್ನೊಂದು ದೋಷ ಕೋಟಿನ ಗುಣದಲ್ಲಿಯೇ ಅಡಗಿತ್ತು. ಹೊರಗಿನ ನೀರಿಗೆ ದಾರಿ ಕೊಡದ ರಬ್ಬರ್ ಒಳಗಿನ ಬೆವರಿಗೂ ದಾರಿ ಕೊಡಲಿಲ್ಲ. ಧರಿಸಿ ನಡೆದವನು ಮಳೆಯಲ್ಲಿ ನೆನೆಯದೆ ತನ್ನದೇ ಹಬೆಯಲ್ಲಿ ನೆನೆದ. ಇದರಿಂದ ಆರೋಗ್ಯ ಕೆಡುತ್ತದೆಂದು ವೈದ್ಯರೂ ತಕರಾರು ತೆಗೆದರು. ಮಳೆಗಾಲದಲ್ಲಿ ರೈನ್‌ಕೋಟು ತೊಟ್ಟು ಸ್ಕೂಟರ್ ಓಡಿಸಿ ಕಚೇರಿ ತಲುಪುವ ನಮ್ಮ ಓದುಗರಿಗೆ ಇದನ್ನು ವಿವರಿಸಬೇಕಿಲ್ಲ.

1830ರ ದಶಕದಲ್ಲಿ ರೈಲು ಹಬ್ಬಿತು. ಕುದುರೆಗಾಡಿಯ ತೆರೆದ ಮೇಲ್ಭಾಗದಲ್ಲಿ ಕುಳಿತು ನೆನೆಯುವ ಪ್ರಯಾಣಿಕರು ಕಡಿಮೆಯಾದರು, ಕೋಟಿನ ಬೇಡಿಕೆಗೂ ಪೆಟ್ಟು ಬಿದ್ದಿತು. ಪೇಟೆಂಟಿಗೂ ಸವಾಲು ಎದುರಾಯಿತು. ಮುಂದೆ ಶಸ್ತ್ರವೈದ್ಯನಾಗಿ ಹೆಸರು ಮಾಡಿದ ಜೇಮ್ಸ್ ಸೈಮ್, ಡಾಂಬರಿನಿಂದ ಬರುವ ದ್ರವದಲ್ಲಿ ರಬ್ಬರ್ ಕರಗುವುದನ್ನು 1818ರಲ್ಲಿಯೇ ಪ್ರಕಟಿಸಿದ್ದ. ಆದರೆ ಎರಡು ಬಟ್ಟೆಗಳನ್ನು ಜೋಡಿಸಿ ವ್ಯಾಪಾರದ ವಸ್ತುವಾಗಿಸಿದವನು ಮ್ಯಾಕಿಂಟಾಷ್. 1836ರಲ್ಲಿ ನ್ಯಾಯಾಲಯ ಆತನ ಪರವಾಗಿ ತೀರ್ಪಿತ್ತಿತು.

ನಾಲ್ಕು ತಿಂಗಳ ಅಂತರ

ರಬ್ಬರಿನ ಹಟವನ್ನು ಮುರಿಯುವ ಕೆಲಸ ಆತನ ಪಾಲುದಾರ ಥಾಮಸ್ ಹ್ಯಾನ್‌ಕಾಕ್‌ಗೆ ಬಂದಿತು. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸುವ ವಿಧಾನವನ್ನು ಕಂಡುಕೊಂಡಿದ್ದ. ಹಾಗೆ ಹದಗೊಂಡ ರಬ್ಬರ್ ಚಳಿಗೆ ಬಿಗಿಯದು, ಬಿಸಿಲಿಗೆ ಕರಗದು. 1842ರಲ್ಲಿ ಅದರ ಮಾದರಿಗಳು ಹ್ಯಾನ್‌ಕಾಕ್‌ನ ಕೈಸೇರಿದವು. ತಾನೂ ಪ್ರಯೋಗ ನಡೆಸಿದ ಆತ 1843ರ ನವೆಂಬರಿನಲ್ಲಿ ಬ್ರಿಟನ್ನಿನಲ್ಲಿ ಪೇಟೆಂಟಿಗೆ ಮುಂದಾದ. ಗುಡ್‌ಇಯರ್‌ಗೆ ಅಮೆರಿಕದಲ್ಲಿ ಪೇಟೆಂಟ್ ದೊರೆತದ್ದು 1844ರಲ್ಲಿ.

ಅದನ್ನು ನೋಡಲು ಮ್ಯಾಕಿಂಟಾಷ್ ಉಳಿದಿರಲಿಲ್ಲ. ಹ್ಯಾನ್‌ಕಾಕ್‌ನ ಪೇಟೆಂಟಿಗೆ ನಾಲ್ಕು ತಿಂಗಳ ಮುನ್ನ, 1843ರ ಜುಲೈ 25ರಂದು, 76ನೆಯ ವಯಸ್ಸಿನಲ್ಲಿ ಆತ ನಿಧನ ಹೊಂದಿದ. ಹೆಸರು ಮಾತ್ರ ಕೋಟಿಗೆ ಅಂಟಿಕೊಂಡೇ ಉಳಿಯಿತು. ಇಂಗ್ಲಿಷಿನಲ್ಲಿ ಆ ಕೋಟಿನ ಹೆಸರನ್ನು ಬರೆಯುವಾಗ ಆತನ ಹೆಸರಿನಲ್ಲಿಲ್ಲದ ಒಂದು ‘ಕೆ’ ಅಕ್ಷರ ಬಂದು ಸೇರಿಕೊಂಡಿತು. ಕಂಪನಿ ಇಪ್ಪತ್ತನೆಯ ಶತಮಾನದಲ್ಲಿ, ಸೈಕಲ್ ಟೈರುಗಳಿಗೆ ಹೆಸರಾದ ಡನ್‌ಲಪ್ ಸಂಸ್ಥೆಯಲ್ಲಿ ಲೀನವಾಯಿತು.

ಉಳಿದ ಅರ್ಧ ಉತ್ತರ

ಬೆವರಿನ ಪ್ರಶ್ನೆ ಇನ್ನೂ ಒಂದು ಶತಮಾನಕ್ಕೂ ಮಿಗಿಲಾಗಿ ಕಾಯಬೇಕಾಯಿತು. 1969ರಲ್ಲಿ ಅಮೆರಿಕದ ರಾಬರ್ಟ್ ಗೋರ್, ಟೆಫ್ಲಾನ್ ಜಾತಿಯ ಪ್ಲಾಸ್ಟಿಕನ್ನು ಥಟ್ಟನೆ ಎಳೆದಾಗ ಅದು ಸೂಕ್ಷ್ಮ ರಂಧ್ರಗಳ ಹಾಳೆಯಾಗುವುದನ್ನು ಕಂಡುಕೊಂಡ. ಆ ರಂಧ್ರಗಳ ಮೂಲಕ ನೀರಿನ ಹನಿ ಒಳಗೆ ನುಗ್ಗಲಾರದು, ಬೆವರಿನ ಆವಿ ಹೊರಗೆ ಹೋಗಬಲ್ಲದು. 1970ರ ದಶಕದಲ್ಲಿ ಗೋರ್‌ಟೆಕ್ಸ್ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂದಿತು. ಎರಡು ಬಟ್ಟೆಗಳ ನಡುವೆ ನೀರು ತಡೆಯುವ ಒಂದು ಪದರ ಎಂಬ ಇದರ ರಚನೆ ಬಹುಮಟ್ಟಿಗೆ ಮ್ಯಾಕಿಂಟಾಷ್ ತೋರಿಸಿದ್ದೇ. ಬದಲಾದದ್ದು ನಡುವಿನ ಪದರ.

ಹಾಗೆಂದು ಸಮಸ್ಯೆ ಪೂರ್ತಿ ಬಗೆಹರಿದಿಲ್ಲ. ಕಡಿದಾದ ಏರಿನಲ್ಲಿ ಸುರಿಯುವಷ್ಟು ಬೆವರನ್ನು ಯಾವ ಹಾಳೆಯೂ ಹೊರಹಾಕಲಾರದು. ಹೊರಬಟ್ಟೆಯ ಲೇಪನ ಸವೆದು ನೀರು ಹೀರಿಕೊಂಡರೆ ಆವಿಯ ದಾರಿಯೂ ಕಟ್ಟುತ್ತದೆ. ಆದಕಾರಣ ಚಳಿ ಮಳೆಯಲ್ಲಿ ಬೆಟ್ಟಕ್ಕೆ ಹೊರಡುವ ಸವಾರ ಒಂದೇ ದಪ್ಪ ಕೋಟನ್ನು ನಂಬದೆ ತೆಳುವಾದ ಪದರಗಳನ್ನು ನೆಚ್ಚುತ್ತಾನೆ. ಮೈಗೆ ತಾಗುವ ಬಟ್ಟೆ ಉಣ್ಣೆಯದೋ ಪಾಲಿಯೆಸ್ಟರಿನದೋ ಆಗಿರಬೇಕು. ಹತ್ತಿ ನೀರು ಕುಡಿದು ಮೈಗೆ ಅಂಟಿ ಶಾಖ ಕದಿಯುತ್ತದೆ. ಉಣ್ಣೆ ಒದ್ದೆಯಾದರೂ ತಕ್ಕಮಟ್ಟಿಗೆ ಬೆಚ್ಚಗಿಡುತ್ತದೆ. ಕಂಬಳಿ ಕೊಪ್ಪೆ ಹೊದ್ದು ಗದ್ದೆಗಿಳಿಯುತ್ತಿದ್ದ ಮಲೆನಾಡಿನ ರೈತನಿಗೆ ಇದು ತಿಳಿದ ಸಂಗತಿಯೇ. ನಡುವೆ ಶಾಖ ಹಿಡಿಯುವ ಒಂದು ಪದರ, ಮೇಲೆ ಮಳೆ ತಡೆಯುವ ಜಾಕೆಟ್. ಜಾಕೆಟ್ ಕೊಳ್ಳುವಾಗ ಒಳಬದಿಯಲ್ಲಿ ಹೊಲಿಗೆಗಳಿಗೆ ಪಟ್ಟಿ ಅಂಟಿಸಿದೆಯೇ, ಕಂಕುಳ ಬಳಿ ಗಾಳಿಗೆ ಜಿಪ್ ಇದೆಯೇ, ಮುಂದಕ್ಕೆ ಬಾಗಿ ಕುಳಿತಾಗ ಬೆನ್ನು ಮುಚ್ಚುತ್ತದೆಯೇ ಎಂದು ನೋಡಬೇಕು. ಏರುವ ಮುನ್ನ ಒಂದು ಪದರ ತೆಗೆದು, ಇಳಿಯುವ ಮುನ್ನ ಮತ್ತೆ ತೊಡಬೇಕು. ಚೀಲದಲ್ಲಿ ಒಣಗಿದ ಒಂದು ಜೊತೆ ಕೈಗವಸು ಇರಬೇಕು.

ಹೊಲಿಗೆ ಮತ್ತು ಬೆವರು: ಮ್ಯಾಕಿಂಟಾಷ್‌ನ ಗಿರಾಕಿಗಳು ಅಂದು ಹೊತ್ತು ತಂದ ದೂರುಗಳೂ ಇವೇ. ಇಂದು ಜಾಕೆಟ್ ಕೊಳ್ಳುವವನು ಮೊದಲು ತಿರುಗಿಸಿ ನೋಡುವುದೂ ಇವನ್ನೇ.