ಗವಿಯ ಮಣ್ಣನ್ನು ಓದಿದ ಫೂಟರು

ಅಜ್ಜಂಪುರದ ಸೀಮೆಯಲ್ಲಿ ಪೂರ್ವಿಕರು ಚಿನ್ನಕ್ಕಾಗಿ ತೋಡಿದ ಕುಳಿಗಳುಂಟು. ಆ ನೆಲದ ಶಿಲಾವರ್ಗಕ್ಕೆ ಧಾರವಾಡದ ಹೆಸರನ್ನಿತ್ತು, 1887ರಲ್ಲಿ ಮೈಸೂರು ಸೀಮೆಯ ಚಿನ್ನದ ಪ್ರದೇಶಗಳನ್ನು ಸಂಚರಿಸಿ ಪರೀಕ್ಷಿಸಿದ ರಾಬರ್ಟ್ ಬ್ರೂಸ್ ಫೂಟರನ್ನು ನಾವು ಮರೆಯಲಾಗದು.

1834ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದ ಇವರು 1858ರಲ್ಲಿ ಭಾರತದ ಭೂಗರ್ಭ ಸರ್ವೇ ಇಲಾಖೆಯನ್ನು ಸೇರಿದರು. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಇವರಿಗೆ ದೊರೆತ ಕಲ್ಲಿನ ಕೊಡಲಿಯು ಈ ದೇಶದ ಮಾನವನ ಪ್ರಾಚೀನತೆಗೆ ಸಾಕ್ಷಿಯಾಯಿತು.

ಹಿಂದೆ ಕರ್ನೂಲು ಜಿಲ್ಲೆಗೆ ಸೇರಿದ್ದ ಬಿಲ್ಲಸುರ್ಗಂ ಗವಿಗಳನ್ನು 1844ರಲ್ಲಿ ಕ್ಯಾಪ್ಟನ್ ನ್ಯೂಬೋಲ್ಡರು ಲೋಕಕ್ಕೆ ತಿಳಿಸಿದ್ದರು. ನಲವತ್ತು ವರ್ಷಗಳ ತರುವಾಯ ಫೂಟರೂ, ಸೇನಾಧಿಕಾರಿಯಾಗಿದ್ದ ಅವರ ಪುತ್ರ ಹೆನ್ರಿ ಫೂಟರೂ ಅಲ್ಲಿನ ನೆಲವನ್ನು ಪದರಪದರವಾಗಿ ಅಗೆಸಿ, ಯಾವುದು ಎಷ್ಟು ಆಳದಲ್ಲಿ ದೊರೆಯಿತೆಂಬುದನ್ನು ಬರೆದಿಟ್ಟರು. ಮೃಗಗಳ ಎಲುಬುಗಳ ನಡುವೆ ಮನುಷ್ಯನು ಕೆತ್ತಿದ ಎಲುಬಿನ ಉಪಕರಣಗಳೂ ಇವೆಯೆಂಬ ಅವರ ನಿರ್ಣಯವನ್ನು ವಿದ್ವಾಂಸರು ಬಹುಕಾಲ ಸಂಶಯಿಸಿದರು. 1970ರ ದಶಕದಲ್ಲಿ ಅದೇ ಜಿಲ್ಲೆಯ ಮುಚ್ಚಟ್ಲ ಚಿಂತಮಾನು ಗವಿಯ ಉತ್ಖನನವು ಆ ನಿರ್ಣಯಕ್ಕೆ ಬಲವನ್ನಿತ್ತಿತು.

ಫೂಟರು 1912ರಲ್ಲಿ ದಿವಂಗತರಾದರು. ಅವರು ಕಾಣದ ಜಯವನ್ನು ಅವರ ಬರಹವು ಕಂಡಿತು. ಆದುದರಿಂದ ಅಧಿಕಾರಿಗಳೂ ಊರಿನ ಪ್ರಮುಖರೂ ಹಳೆಯ ಕುಳಿಯೊಂದನ್ನು ಮುಚ್ಚಿಸುವ ಮುನ್ನ ಅದನ್ನು ಅಳೆದು ಬರೆದಿಡಲಿ ಎಂಬುದೇ ನಮ್ಮ ಬಿನ್ನಹ.