ವಿಶ್ವೇಶ್ವರಯ್ಯನವರೂ ನೀರಿನ ಹಂಚಿಕೆಯೂ

ಕನ್ನಂಬಾಡಿ ಕಟ್ಟೆಯ ಮೇಲೆ ನಿಂತು ನೋಡಿದವರಿಗೆ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹೆಸರು ನೆನಪಾಗದೆ ಇರದು. ಕಲ್ಲು ಗಾರೆಗಳ ಆ ಮಹಾಭಿತ್ತಿ ಕಣ್ಣಿಗೆ ಕಾಣುವಂಥದು. ಆದುದರಿಂದ ಲೋಕವು ಅವರನ್ನು ಕಟ್ಟೆ ಕಟ್ಟಿದವರೆಂದೇ ಕೊಂಡಾಡುತ್ತ ಬಂದಿದೆ. ಆದರೆ ಮಳೆಯ ನೀರನ್ನು ತಡೆದು ನಿಲ್ಲಿಸುವುದು ಒಂದು ಕೆಲಸ. ನಿಲ್ಲಿಸಿದ ನೀರು ನಾಲೆಯ ತಲೆಯಲ್ಲಿರುವವನಿಗೆ ಸಲ್ಲುವಂತೆಯೇ ಕೊನೆಯಲ್ಲಿರುವವನಿಗೂ ಸಲ್ಲುವ ಹಾಗೆ ಮಾಡುವುದು ಅದಕ್ಕಿಂತ ಕಠಿನವಾದ ಇನ್ನೊಂದು ಕೆಲಸ. ಈ ಎರಡನೆಯ ಕೆಲಸಕ್ಕೆ ಅವರು ತಮ್ಮ ಜೀವಮಾನದಲ್ಲಿ ಎಷ್ಟು ಬುದ್ಧಿಯನ್ನು ವೆಚ್ಚ ಮಾಡಿದರೆಂಬುದು ಬಹು ಮಂದಿಗೆ ತಿಳಿಯದು. ಅವರ ಚರಿತ್ರೆಯನ್ನು ಆ ದಿಕ್ಕಿನಿಂದ ಒಮ್ಮೆ ನೋಡುವುದು ಉಚಿತ.

ವಿಶ್ವೇಶ್ವರಯ್ಯನವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮನವರು. ಅದು ನದಿಯ ಸೀಮೆಯಲ್ಲ, ಕೆರೆಗಳ ಸೀಮೆ. ಮಳೆ ಬಿದ್ದ ವರ್ಷ ಕೆರೆಯೆಲ್ಲ ಕೋಡಿ ಹರಿಯುವುದು, ಬಾರದ ವರ್ಷ ತೂಬಿನ ಬಾಯಿ ಒಣಗುವುದು ಅಲ್ಲಿನ ಮಕ್ಕಳು ಕಣ್ಣಾರೆ ಕಂಡು ಬೆಳೆಯುವ ಸಂಗತಿ. ಎಳೆಯ ವಯಸ್ಸಿನಲ್ಲಿಯೇ ಅವರಿಗೆ ಪಿತೃವಿಯೋಗವಾಯಿತು. ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಓದಿನ ವೆಚ್ಚವನ್ನು ನೀಗಿಸಿಕೊಳ್ಳುತ್ತ ೧೮೮೧ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿ ಪಡೆದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಪೂನಾ ನಗರದ ವಿಜ್ಞಾನ ಕಾಲೇಜಿಗೆ ಹೋಗಿ ೧೮೮೩ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮರಾಗಿ ತೇರ್ಗಡೆ ಹೊಂದಿದರು. ಮರುವರ್ಷವೇ ಮುಂಬಯಿ ಸರ್ಕಾರದ ಮರಾಮತ್ತು ಇಲಾಖೆಯಲ್ಲಿ ಸಹಾಯಕ ಇಂಜಿನಿಯರಾಗಿ ನೇಮಕಗೊಂಡರು.

ಮುಂಬಯಿ ಪ್ರಾಂತದ ಸೇವೆಯಲ್ಲಿ ಕಳೆದ ಇಪ್ಪತ್ತನಾಲ್ಕು ವರ್ಷಗಳು ಅವರ ಪಾಲಿಗೆ ನಿಜವಾದ ವಿದ್ಯಾಭ್ಯಾಸದ ಕಾಲ. ನಾಸಿಕ, ಖಾನ್‌ದೇಶಗಳಲ್ಲಿ ಕೆಲಸ ಮಾಡಿದ ಬಳಿಕ ಸಿಂಧ್ ಪ್ರದೇಶದ ಸಕ್ಕರ್ ಪಟ್ಟಣಕ್ಕೆ ಕುಡಿಯುವ ನೀರನ್ನೊದಗಿಸುವ ಹೊಣೆ ಅವರ ಮೇಲೆ ಬಿತ್ತು. ಸಿಂಧೂ ನದಿಯ ನೀರು ರಾಡಿ. ಅದನ್ನು ಶೋಧಿಸುವ ದೊಡ್ಡ ಯಂತ್ರಾಗಾರವನ್ನು ಕಟ್ಟಲು ಪುರಸಭೆಯಲ್ಲಿ ಹಣವಿಲ್ಲ. ನದಿಯ ಪಾತ್ರದಲ್ಲಿಯೇ ಬಾವಿ ತೋಡಿಸಿ, ಮರಳಿನ ಮೂಲಕ ಸೋಸಿ ಬಂದ ನೀರನ್ನು ಮೇಲಕ್ಕೆತ್ತಿ ಊರಿಗೆ ಹರಿಸುವ ಏರ್ಪಾಡನ್ನು ಅವರು ಮಾಡಿದರು. ಇರುವ ಹಣದೊಳಗೆ, ಇರುವ ನೆಲದ ಗುಣವನ್ನೇ ಬಳಸಿಕೊಂಡು ಕೆಲಸವನ್ನು ಸಾಧಿಸುವ ಅವರ ರೀತಿ ಆಗಲೇ ಸ್ಪಷ್ಟವಾಗಿತ್ತು.

ಪೂನಾ ಜಿಲ್ಲೆಗೆ ಬಂದ ಮೇಲೆ ಈ ರೀತಿಗೆ ಹೆಚ್ಚಿನ ಅವಕಾಶ ದೊರೆಯಿತು. ಮುಠಾ ನದಿಗೆ ಕಟ್ಟಿದ್ದ ಖಡಕ್ವಾಸ್ಲಾ ಜಲಾಶಯವು ಪೂನಾ ನಗರಕ್ಕೆ ಕುಡಿಯುವ ನೀರನ್ನೂ ಸುತ್ತಲಿನ ಹೊಲಗಳಿಗೆ ನಾಲೆಯ ನೀರನ್ನೂ ಕೊಡುತ್ತಿತ್ತು. ಮಳೆಗಾಲದಲ್ಲಿ ಕೋಡಿಯ ಮೇಲೆ ಹಲವು ಅಡಿ ನೀರು ವ್ಯರ್ಥವಾಗಿ ಹೊರಳಿಹೋಗುವುದು, ಬೇಸಗೆಯಲ್ಲಿ ನೀರು ಸಾಲದೆ ಹೋಗುವುದು, ಇವೆರಡೂ ಒಂದೇ ಕೆರೆಯಲ್ಲಿ ವರ್ಷವರ್ಷವೂ ನಡೆಯುತ್ತಿದ್ದವು. ಕಟ್ಟೆಯನ್ನೇ ಎತ್ತರಿಸಬೇಕಾದರೆ ವೆಚ್ಚ ಬಹಳ, ಹಳೆಯ ಗೋಡೆಗೆ ಅಪಾಯವೂ ಉಂಟು. ವಿಶ್ವೇಶ್ವರಯ್ಯನವರು ಕೋಡಿಯ ಮೇಲೆ ಸ್ವಯಂಚಾಲಿತ ಬಾಗಿಲುಗಳನ್ನು ಇರಿಸುವ ಯೋಜನೆ ಮಾಡಿದರು. ನೀರು ಗೊತ್ತಾದ ಮಟ್ಟವನ್ನು ಮೀರಿದರೆ ಆ ನೀರಿನ ಬಲದಿಂದಲೇ ಬಾಗಿಲು ತೆರೆಯುವುದು. ಮಟ್ಟ ಇಳಿದರೆ ತಾನಾಗಿ ಮುಚ್ಚುವುದು. ನಡುರಾತ್ರಿಯ ಪ್ರವಾಹದಲ್ಲಿ ಕಾವಲುಗಾರನ ಎಚ್ಚರವನ್ನೇ ನೆಚ್ಚಬೇಕಾಗಿಲ್ಲ. ಇದರಿಂದ ನೀರಿನ ಮಟ್ಟವನ್ನು ಸುಮಾರು ೮ ಅಡಿಯಷ್ಟು ಮೇಲೆ ಹಿಡಿದಿಡಲು ಸಾಧ್ಯವಾಯಿತು. ಹೊಸ ಕಟ್ಟೆಯಿಲ್ಲದೆಯೇ ಸಂಗ್ರಹ ಕಾಲುಭಾಗದಷ್ಟು ಹೆಚ್ಚಿತು. ೧೯೦೩ರಲ್ಲಿ ಈ ಬಾಗಿಲುಗಳಿಗೆ ಪೇಟೆಂಟು ದೊರೆಯಿತು. ಆದರೆ ಸರ್ಕಾರದ ನೌಕರಿಯಲ್ಲಿದ್ದು ಮಾಡಿದ ಕೆಲಸಕ್ಕೆ ಸರ್ಕಾರದಿಂದಲೇ ಗೌರವಧನ ತೆಗೆದುಕೊಳ್ಳುವುದು ತರವಲ್ಲವೆಂದು ಅವರು ಅದನ್ನು ಬಿಟ್ಟುಕೊಟ್ಟರು. ಮುಂದೆ ಗ್ವಾಲಿಯರಿನ ತಿಗ್ರಾ ಅಣೆಯಲ್ಲಿಯೂ ಕೃಷ್ಣರಾಜಸಾಗರದಲ್ಲಿಯೂ ಇದೇ ಬಗೆಯ ಬಾಗಿಲುಗಳು ಬಂದವು.

ಇಷ್ಟು ನೀರಿನ ಸಂಗ್ರಹದ ಮಾತಾಯಿತು. ಹಂಚಿಕೆಯ ಪ್ರಶ್ನೆ ಅವರಿಗೆ ಎದುರಾದದ್ದು ಪೂನಾ ಜಿಲ್ಲೆಯದೇ ಆದ ನೀರಾ ನದಿಯ ಎಡದಂಡೆ ನಾಲೆಯಲ್ಲಿ. ೧೮೯೯-೧೯೦೦ರ ಭೀಕರ ಕ್ಷಾಮ ದಖನ್ ಸೀಮೆಯನ್ನು ತತ್ತರಿಸುವಂತೆ ಮಾಡಿತ್ತು. ಭಾರತ ಸರ್ಕಾರ ೧೯೦೧ರಲ್ಲಿ ನೀರಾವರಿಯ ವಿಚಾರಣೆಗಾಗಿ ಸರ್ ಕಾಲಿನ್ ಸ್ಕಾಟ್ ಮಾಂಕ್ರೀಫರ ಅಧ್ಯಕ್ಷತೆಯಲ್ಲಿ ಒಂದು ಆಯೋಗವನ್ನು ನೇಮಿಸಿತು. ಕ್ಷಾಮದಿಂದ ಜನರನ್ನು ಕಾಪಾಡಲೆಂದು ನಾಲೆಗಳನ್ನು ತೋಡಿಸಿದ್ದರೂ ಅವುಗಳ ನೀರು ನಿಜವಾಗಿ ಹೋಗುತ್ತಿದ್ದುದು ಎಲ್ಲಿಗೆ? ಮಳೆ ಚೆನ್ನಾಗಿ ಬಂದ ವರ್ಷ ಸಜ್ಜೆ ಜೋಳದ ಒಕ್ಕಲಿಗರು ನಾಲೆಯ ನೀರನ್ನು ಕೇಳುತ್ತಿರಲಿಲ್ಲ. ಕಬ್ಬು ಬೆಳೆಯುವವರು ಮಾತ್ರ ವರ್ಷವಿಡೀ ಕೇಳುತ್ತಿದ್ದರು. ಅಲ್ಲೊಂದು ಇಲ್ಲೊಂದು ಚದರಿದ ತುಂಡು ಹೊಲಗಳಿಗೆ ನೀರು ಹರಿಸುವಾಗ ದಾರಿಯಲ್ಲಿಯೇ ಬಹುಪಾಲು ಇಂಗಿಹೋಗುತ್ತಿತ್ತು. ಒಂದೇ ನೆಲಕ್ಕೆ ವರ್ಷವರ್ಷವೂ ಅತಿಯಾಗಿ ನೀರು ಕಟ್ಟಿದುದರಿಂದ ಕೆಲವೆಡೆ ಭೂಮಿ ಜೌಗಾಗಿ ಚೌಳೇಳತೊಡಗಿತ್ತು. ಯಾರಿಗೆ ಎಂದು ನೀರು ಬರುವುದೆಂಬ ನಿಶ್ಚಯವಿಲ್ಲದುದರಿಂದ ಕೆಳಗಿನ ಅಧಿಕಾರಿಯ ಮರ್ಜಿಗೆ ಎಡೆಯಾಗುತ್ತಿತ್ತು.

ಇದಕ್ಕೆ ವಿಶ್ವೇಶ್ವರಯ್ಯನವರು ಸೂಚಿಸಿದ ಪರಿಹಾರವೇ ಬ್ಲಾಕ್ ಪದ್ಧತಿ. ಅದರ ಸ್ವರೂಪ ಸರಳವಾದುದು. ಪ್ರತಿಯೊಂದು ಗ್ರಾಮದಲ್ಲಿಯೂ ನೀರಾವರಿಗೆ ತಕ್ಕ ಮಣ್ಣಿರುವ, ನೀರು ಬಸಿದುಹೋಗಲು ಅನುಕೂಲವಿರುವ ನೆಲವನ್ನು ಒಂದೇ ಕಡೆ ಒಟ್ಟಾಗಿ ಆರಿಸುವುದು. ಆ ತಾಕಿಗೆ ಕೆಲವು ವರ್ಷಗಳ ಕಾಲ ನೀರು ನಿಶ್ಚಿತವೆಂದು ಸರ್ಕಾರವು ಒಪ್ಪಿ ಬರೆದುಕೊಡುವುದು. ಅದರೊಳಗೆ ಸುಮಾರು ಮೂರನೆಯ ಒಂದು ಭಾಗದಲ್ಲಿ ಮಾತ್ರ ಕಬ್ಬು, ಉಳಿದ ಭಾಗಗಳಲ್ಲಿ ಕಡಮೆ ನೀರಿನ ಬೆಳೆಗಳು. ಮರುವರ್ಷ ಕಬ್ಬು ಪಕ್ಕದ ಭಾಗಕ್ಕೆ ಸರಿಯುವುದು. ಮೂರು ವರ್ಷಕ್ಕೊಮ್ಮೆ ಸುತ್ತು ಪೂರ್ಣವಾಗುವುದು. ಇದರಿಂದ ನೆಲಕ್ಕೆ ವಿಶ್ರಾಂತಿ, ರೈತನಿಗೆ ಭರವಸೆ, ಸರ್ಕಾರಕ್ಕೆ ಸ್ಥಿರವಾದ ನೀರಿನ ಕಂದಾಯ. ಎಲ್ಲಕ್ಕಿಂತ ಮಿಗಿಲಾಗಿ, ಅಷ್ಟೇ ನೀರು ಹೆಚ್ಚು ಗ್ರಾಮಗಳಿಗೆ, ಹೆಚ್ಚು ಕುಟುಂಬಗಳಿಗೆ ಹಂಚಿಹೋಗುವುದು. ಕೆರೆಯ ಅಚ್ಚುಕಟ್ಟಿನಲ್ಲಿ ನೀರುಗಂಟಿಯು ಸರದಿಯ ಮೇಲೆ ಗದ್ದೆಗದ್ದೆಗೂ ನೀರು ಬಿಡುವುದನ್ನು ಬಲ್ಲ ನಮ್ಮ ನಾಡಿನವರಿಗೆ ಈ ನ್ಯಾಯ ಅಪರಿಚಿತವಲ್ಲ. ಒಂದು ಊರಿನ ಕೆರೆಗೆ ಸಲ್ಲುವ ನ್ಯಾಯವನ್ನು ಹತ್ತಾರು ಮೈಲಿಯ ನಾಲೆಗೆ ಸಲ್ಲಿಸಿದ್ದು ಅವರ ಹೆಚ್ಚುಗಾರಿಕೆ.

ಮೊದಲಲ್ಲಿ ಇದಕ್ಕೆ ಪ್ರತಿಭಟನೆ ಎದ್ದಿತು. ಮನಬಂದಷ್ಟು ಕಬ್ಬು ಬೆಳೆಯುತ್ತಿದ್ದವರಿಗೆ ಮಿತಿ ಹಾಕಿದರೆ ಅದು ಅನ್ಯಾಯವೆಂದೇ ತೋರುವುದು. ಸರ್ಕಾರದ ಆಜ್ಞೆಯಿಂದ ಇಂಥ ವಿಷಯಗಳನ್ನು ನಡೆಸಲಾಗದೆಂಬುದನ್ನು ಅರಿತಿದ್ದ ವಿಶ್ವೇಶ್ವರಯ್ಯನವರು ಲೆಕ್ಕಗಳನ್ನು ಮುಂದಿಟ್ಟು ರೈತರಿಗೆ ತಿಳಿಯಹೇಳಿದರು. ಅನುಭವವಾದ ಮೇಲೆ ವಿರೋಧ ತಣ್ಣಗಾಯಿತು; ಪದ್ಧತಿ ನೀರಾ ನಾಲೆಯಲ್ಲಿ ಬೇರೂರಿತು.

ಮುಂಬಯಿ ಸೇವೆಯ ಕೊನೆಯ ವರ್ಷಗಳಲ್ಲಿ, ೧೯೦೬ರಲ್ಲಿ, ಏಡನ್ನಿನ ಮರುಭೂಮಿಗೆ ಹೋಗಿ ಅಲ್ಲಿಯ ನೀರಿನ ಹಾಗೂ ಚರಂಡಿಯ ವ್ಯವಸ್ಥೆಯ ವಿಷಯವಾಗಿ ವರದಿ ಕೊಟ್ಟರು. ೧೯೦೮ರಲ್ಲಿ ತಾವಾಗಿಯೇ ನಿವೃತ್ತರಾಗಿ ವಿದೇಶ ಪ್ರವಾಸಕ್ಕೆ ಹೊರಟರು. ಅದೇ ವರ್ಷ ಸೆಪ್ಟೆಂಬರ್ ೨೮ರಂದು ಮೂಸಿ ನದಿ ಉಕ್ಕಿ ಹೈದರಾಬಾದು ನಗರದಲ್ಲಿ ಸಹಸ್ರಾರು ಜನರ ಪ್ರಾಣವನ್ನು ಕೊಂಡಿತು. ನಿಜಾಮರ ಸರ್ಕಾರ ಅವರನ್ನು ಕರೆಸಿಕೊಂಡಿತು. ಅವರು ೧೯೦೯ರಲ್ಲಿ ಅಲ್ಲಿಗೆ ಬಂದು ಮಳೆಯ ಲೆಕ್ಕ, ಕಣಿವೆಯ ವಿಸ್ತಾರ, ಮೇಲಣ ಕೆರೆಗಳ ಸ್ಥಿತಿ ಎಲ್ಲವನ್ನೂ ಪರಿಶೀಲಿಸಿದರು. ನದಿಯ ಮೇಲ್ಭಾಗದಲ್ಲಿ ಇನ್ನೂರಕ್ಕೂ ಮಿಕ್ಕ ಕೆರೆಗಳು ಒಡೆದು ಅವುಗಳ ನೀರೂ ಪ್ರವಾಹವನ್ನು ಕೂಡಿಕೊಂಡಿತ್ತೆಂಬುದು ಹೊರಬಿದ್ದಿತು. ಊರ ಬದಿಯಲ್ಲಿ ಗೋಡೆ ಕಟ್ಟಿದರೆ ಸಾಲದು, ಪ್ರವಾಹವನ್ನು ಮೇಲೆಯೇ ಹಿಡಿದು ನಿಲ್ಲಿಸಬೇಕು ಎಂಬುದು ಅವರ ನಿರ್ಣಯ. ಅದರಂತೆ ಮೂಸಿ ಮತ್ತು ಅದರ ಉಪನದಿ ಈಸಿಗಳಿಗೆ ಎರಡು ಜಲಾಶಯಗಳಾದವು: ೧೯೨೦ರಲ್ಲಿ ಉಸ್ಮಾನ್ ಸಾಗರ, ೧೯೨೭ರಲ್ಲಿ ಹಿಮಾಯತ್ ಸಾಗರ. ಕೊಂದ ನೀರೇ ನಗರಕ್ಕೆ ಕುಡಿಯುವ ನೀರಾಯಿತು.

೧೯೦೯ರ ನವೆಂಬರಿನಲ್ಲಿ ಅವರು ಮೈಸೂರಿನ ಮುಖ್ಯ ಇಂಜಿನಿಯರಾಗಿ ಬಂದರು. ೧೯೦೨ರಲ್ಲಿ ಆರಂಭವಾಗಿದ್ದ ಶಿವನಸಮುದ್ರದ ವಿದ್ಯುದಾಗಾರ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕೊಡುತ್ತಿತ್ತು. ಬೇಸಗೆಯಲ್ಲಿ ಕಾವೇರಿ ಬತ್ತಿದರೆ ಅದಕ್ಕೆ ನೀರು ಸಾಲದು. ಮಂಡ್ಯದ ಸೀಮೆಯಲ್ಲಿ ನದಿ ಹತ್ತಿರವಿದ್ದರೂ ಹೊಲಗಳು ಮುಗಿಲನ್ನೇ ನೋಡಬೇಕಾಗಿತ್ತು. ಎರಡು ಕೊರತೆಗಳಿಗೂ ಒಂದೇ ಜಲಾಶಯ ಉತ್ತರವಾಗಬೇಕೆಂದು ಅವರು ಯೋಜಿಸಿದರು. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಒಪ್ಪಿಗೆಯಿಂದ ೧೯೧೧ರಲ್ಲಿ ಕೆಲಸ ಮೊದಲಾಯಿತು. ಆಗ ಅಲ್ಲಿ ದೊರೆತ ಟಿಪ್ಪು ಸುಲ್ತಾನನ ೧೭೯೪ರ ಪಾರಸಿ ಶಾಸನವೊಂದು, ಅದೇ ಎಡೆಯಲ್ಲಿ ಅವನು ಕಟ್ಟೆಗೆ ಅಡಿಗಲ್ಲಿಟ್ಟಿದ್ದನ್ನೂ ಹೊಸ ನೀರಿನಿಂದ ಬೇಸಾಯ ಮಾಡುವವರಿಗೆ ಕಂದಾಯದಲ್ಲಿ ಕಾಲುಪಾಲು ಬಿಡುವುದಾಗಿ ಸಾರಿದ್ದನ್ನೂ ತಿಳಿಸಿತು.

೧೮೯೨ರ ಒಪ್ಪಂದದ ಪ್ರಕಾರ ಇಂಥ ಕೆಲಸಕ್ಕೆ ಮದರಾಸು ಸರ್ಕಾರದ ಸಮ್ಮತಿ ಅಗತ್ಯ. ಮೈಸೂರು ಕೇಳಿದ್ದು ೪,೧೫೦ ಕೋಟಿ ಘನ ಅಡಿಯ ಸಂಗ್ರಹ. ದೊರೆತದ್ದು ೧,೧೦೦ ಕೋಟಿಗೆ ಅನುಮತಿ. ಆದರೂ ಪೂರ್ಣ ಎತ್ತರಕ್ಕೆ ತಕ್ಕ ಅಸ್ತಿಭಾರವನ್ನೇ ಹಾಕಿಸಲಾಯಿತು. ಇದು ವಿವಾದಕ್ಕೆ ಕಾರಣವಾಗಿ ೧೯೧೪ರಲ್ಲಿ ನ್ಯಾಯಮೂರ್ತಿ ಗ್ರಿಫಿನ್ನರ ಮಧ್ಯಸ್ಥಿಕೆಯ ತೀರ್ಪು ಬಂದಿತು; ಮದರಾಸು ಅದನ್ನು ಪ್ರಶ್ನಿಸಿತು; ಕೊನೆಗೆ ೧೯೨೪ರ ಒಪ್ಪಂದದವರೆಗೆ ವ್ಯವಹಾರ ಎಳೆಯಿತು. ವಿಶ್ವೇಶ್ವರಯ್ಯನವರ ದೂರದೃಷ್ಟಿಯನ್ನು ಮೆಚ್ಚುವವರು ಈ ಅಸ್ತಿಭಾರವನ್ನು ಹೊಗಳುವರು. ಕೆಳಗಣ ನಾಡಿನವರ ಸಂಶಯಕ್ಕೆ ಅದು ಎಡೆಮಾಡಿತೆಂಬುದೂ ಚರಿತ್ರೆಯ ಸತ್ಯವೇ. ನೀರಿನಡಿ ಹಳೆಯ ಕನ್ನಂಬಾಡಿಯೂ ಅದರ ನೆರೆಯ ಹಳ್ಳಿಗಳೂ ಮುಳುಗಿದವು. ನೆಲೆ ತಪ್ಪಿದ ಜನರ ತ್ಯಾಗವನ್ನು ಮರೆತು ಈ ಕಟ್ಟೆಯ ಕಥೆಯನ್ನು ಹೇಳಬಾರದು.

ಅವರು ೧೯೧೨ರಲ್ಲಿ ದಿವಾನರಾಗಿ ೧೯೧೮ರಲ್ಲಿ ನಿವೃತ್ತರಾದರು. ನಾಲೆಯ ಕೆಲಸ ಅವರ ಅನಂತರ ನಡೆಯಿತು. ಆಗಿನ ವೈಸರಾಯರ ಹೆಸರಿನಿಂದ ಇರ್ವಿನ್ ನಾಲೆಯೆನಿಸಿಕೊಂಡು, ಹುಲಿಕೆರೆಯ ಸುರಂಗವನ್ನು ಹಾಯ್ದು ಮಂಡ್ಯದ ಕಡೆ ಹರಿದ ಅದು ಈಗ ವಿಶ್ವೇಶ್ವರಯ್ಯ ನಾಲೆ. ನೀರಾ ನಾಲೆಯಲ್ಲಿ ಹುಟ್ಟಿದ ಬ್ಲಾಕ್ ಪದ್ಧತಿ ಇಲ್ಲಿಗೂ ಬಂದಿತು: ಕಬ್ಬು, ಭತ್ತ, ಅರೆ ಖುಷ್ಕಿ ಬೆಳೆಗಳು ಮೂರು ವರ್ಷಗಳ ಸರದಿಯಲ್ಲಿ ಸುತ್ತಬೇಕೆಂಬ ಏರ್ಪಾಡು. ೧೯೩೩ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಎದ್ದಿತು. ಬರದ ಸೀಮೆ ಹಸುರಾಯಿತು.

ನಿವೃತ್ತಿಯ ಬಳಿಕವೂ ಅವರ ದುಡಿಮೆ ನಿಲ್ಲಲಿಲ್ಲ. ಒರಿಸ್ಸಾದ ಪ್ರವಾಹಗಳ ವಿಷಯವಾಗಿ ೧೯೩೭ರಲ್ಲಿ ವರದಿ ಬರೆದಾಗ ಅವರಿಗೆ ಎಪ್ಪತ್ತೈದು ದಾಟಿತ್ತು. ೧೯೫೫ರಲ್ಲಿ ಭಾರತರತ್ನ ಪ್ರಶಸ್ತಿ ಬಂದಿತು. ೧೯೬೨ರ ಏಪ್ರಿಲ್‌ನಲ್ಲಿ, ತುಂಬು ಶತಾಯುಷಿಗಳಾಗಿ, ಅವರು ಕಾಲವಾದರು.

ಅವರು ಕಟ್ಟಿಸಿದ ಕಲ್ಲು ಇಂದಿಗೂ ಗಟ್ಟಿಯಾಗಿದೆ. ಅವರು ಬರೆದ ನಿಯಮಕ್ಕೆ ಅಷ್ಟು ಬಾಳಿಕೆ ಬರಲಿಲ್ಲ. ಮಂಡ್ಯದ ಅಚ್ಚುಕಟ್ಟಿನಲ್ಲಿ ಬೆಳೆಯ ಸರದಿ ಕ್ರಮಕ್ರಮವಾಗಿ ಸಡಿಲಿ ಭತ್ತವೂ ಕಬ್ಬೂ ಎಲ್ಲೆಡೆ ಹಬ್ಬಿದವು. ನಾಲೆಯ ತಲೆಯಲ್ಲಿ ನೀರು ನಿಂತು, ಮಳವಳ್ಳಿ ಮದ್ದೂರುಗಳ ಕೊನೆಯ ಹೊಲಗಳು ಕಾಯುವಂತಾಯಿತು. ಗೋಡೆಯನ್ನು ಒಂದು ಸಲ ಕಟ್ಟಿದರೆ ಶತಮಾನ ನಿಲ್ಲುತ್ತದೆ. ನಿಯಮವನ್ನಾದರೋ ಪ್ರತಿ ಹಂಗಾಮಿನಲ್ಲಿಯೂ ಅಧಿಕಾರಿಯೂ ರೈತನೂ ಸೇರಿ ಹೊಸದಾಗಿ ಪಾಲಿಸಬೇಕು. ಸರ್ಕಾರದ ಕಾಗದದ ಮೇಲಿನ ನೀರಿನ ನೀತಿ ಹೊಲದ ಕಾಲುವೆಗೆ ಇಳಿಯುವ ದಾರಿಯನ್ನು ವಿಶ್ವೇಶ್ವರಯ್ಯನವರು ಶತಮಾನಕ್ಕೆ ಹಿಂದೆಯೇ ನೀರಾ ತೀರದಲ್ಲಿ ತೋರಿಸಿಕೊಟ್ಟರು. ನಮ್ಮ ವಿದ್ಯಾರ್ಥಿಗಳು ಅವರ ಅಣೆಕಟ್ಟನ್ನು ನೋಡಲು ಹೋಗುವಾಗ ಅಲ್ಲಿಂದ ನಾಲೆಯ ಕೊನೆಯವರೆಗೂ ಒಮ್ಮೆ ನಡೆದು ಬರುವುದು ಒಳ್ಳೆಯದು.